ಹಳಿಯಾಳದ ಕಬ್ಬು ತೂಗುವ ಕಾಟಾದಿಂದ ಹೊಸ ಡೇಟಾಬೇಸಿಗೆ

ಜಗತ್ತಿನ ಪಾಸ್‌ವರ್ಡುಗಳನ್ನೆಲ್ಲ ಕಾಯುವ, ನಮ್ಮ ಗುರುತು ಮಾತ್ರ ಸಿಗದ ಮಾನ್ಯ ಡೇಟಾಬೇಸ್ ತಂತ್ರಾಂಶದವರೇ,

ಹಳಿಯಾಳದ ಹೊರಗಿನ ಗಾಣದಮನೆಯಲ್ಲಿ ಕಬ್ಬು ತೂಗುವ ಶಾಂತಾದೇವಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಹೊಸ ಆವೃತ್ತಿಯಾಗಿ ನಮ್ಮ ಕಂಪ್ಯೂಟರಿಗೆ ದಯಮಾಡಿಸಿದ್ದೇ ತಡ, ಪಾಸ್‌ವರ್ಡ್ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಕಳ್ಳರ ಭಯಕ್ಕೆ ನಿವೃತ್ತಿಗೊಳಿಸಿದಿರಿ. ನಮ್ಮ ತೂಕದ ಪ್ರೋಗ್ರಾಮಿಗೆ ಗೊತ್ತಿದ್ದದ್ದು ಅದೊಂದೇ ಆದ್ದರಿಂದ ತೂಕದ ಚೀಟಿ ಬರಲಿಲ್ಲ, ಚೀಟಿಯಿಲ್ಲದ ಕಬ್ಬು ಗಾಣಕ್ಕೆ ಹೋಗುವಂತಿಲ್ಲ, ಹೀಗಾಗಿ ಹೊಲದಿಂದ ಕಬ್ಬು ಕಡಿದು ತಂದ ಗೋದುಬಾಯಿಯ ಗಾಡಿ ಮಟಮಟ ಮಧ್ಯಾಹ್ನ ಬಿಸಿಲಲ್ಲೇ ನಿಂತಿತು. ಕಡಿದ ಕಬ್ಬು ಒಣಗಿದಷ್ಟೂ ಹಗುರಾಗುತ್ತದೆ, ಹಗುರಾದಷ್ಟೂ ದುಡ್ಡು ಕಡಿಮೆ ಎಂಬ ಸಣ್ಣ ಸಂಗತಿ ತಮ್ಮವರೆಗೆ ಬಂದಿರಲಾರದು.

ನಾವೇನೂ ಕೈಕಟ್ಟಿ ಕೂಡಲಿಲ್ಲ. ನಮ್ಮ ಪಾಸ್‌ವರ್ಡು ಗಾಣದ ಹಳೆಯ ಎತ್ತಿನ ಹೆಸರು; ಆ ಎತ್ತು ಶಿವನ ಪಾದ ಸೇರಿದ್ದು ತಮಗೂ ಗೊತ್ತಾಗಿರಬೇಕೆಂದು ಮಾಲೀಕ ಶಿವಲಿಂಗಪ್ಪನವರು ಹೊಸ ಎತ್ತಿನ ಹೆಸರು ಒತ್ತಿಸಿದರು, ಆಮೇಲೆ ಅದರ ಜೋಡಿಯದು, ಕೊನೆಗೆ ಕೀಬೋರ್ಡಿಗೆ ವಿಭೂತಿಯನ್ನೂ ಹಚ್ಚಿದರು. ಪ್ರೋಗ್ರಾಮು ಬರೆದ ದಾಂಡೇಲಿಯ ಉದಯಕುಮಾರ ಫೋನಿನಲ್ಲಿ "ಎತ್ತಿಂದೇನೂ ತಪ್ಪಿಲ್ರೀ, ಕೇಳೂ ಪದ್ಧತೀನ ಬದಲಾಗೇತಿ, ವರ್ಷಗಟ್ಲೆ ಪರದೆ ಮ್ಯಾಲ ಎಚ್ಚರಿಕೆ ಬರಾಕತ್ತಿತ್ತಲ್ರೀ" ಎಂದ ಮೇಲೆ ಹುಡುಕಿದೆವು. ಪರದೆಯಲ್ಲಿ ಎಚ್ಚರಿಕೆ ಬರುವ ಮೂಲೆಯ ಮೇಲೇ ಆಯುಧಪೂಜೆಯ ದಿನ ಬಸವಣ್ಣನ ಚಿತ್ರ ಅಂಟಿಸಿಬಿಟ್ಟಿದ್ದೆವು. ಬಸವಣ್ಣ ಎಲ್ಲವನ್ನೂ ಓದಿಕೊಂಡಿದ್ದಾನು, ನಮಗೆ ಹೇಳಲಿಲ್ಲ.

ಆದಾಗ್ಯೂ ತಮ್ಮ ಮುನ್ನೆಚ್ಚರಿಕೆ ಮೆಚ್ಚಬೇಕಾದ್ದೇ. ಅಂಗಳದವರೆಲ್ಲ ಕೂಗಿ ಹೇಳುವ ನಮ್ಮ ಪಾಸ್‌ವರ್ಡನ್ನು ಕದಿಯಲು ದೂರದೇಶದ ಕಳ್ಳರು ಹೊಂಚು ಹಾಕಿದ್ದರೆಂದರೆ ಹಳಿಯಾಳಕ್ಕೆ ಅದೆಂಥ ಮರ್ಯಾದೆ! ಆದರೆ ಗೋದುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕಾ, ನಿನ್ನ ಯಂತ್ರಕ್ಕ ನಿನ್ನ ಗುರ್ತ ಹತ್ತವಲ್ದು, ಬಿಸಲಿಗರೆ ನನ್ನ ಕಬ್ಬಿನ ಗುರ್ತ ಹತ್ತದಂಗ ಇರಬಾರದಿತ್ತೇನ?" ಎಂದಾಗ ನನಗೆ ನಾಚಿಕೆಯಾಯಿತು.

ಆದ್ದರಿಂದ ವಿನಂತಿ: ನಿವೃತ್ತರಾದ ಹಳೆಯ ಪದ್ಧತಿಯವರಿಗೆ ಶಾಲು ಹೊದಿಸಿ, ಹಾರ ಹಾಕಿ, ಕಬ್ಬಿನ ಹಂಗಾಮು ಮುಗಿಯುವವರೆಗೆ ಬಾಗಿಲ ಪಕ್ಕ ಒಂದು ಕುರ್ಚಿ ಕೊಡಿರಿ. ಅದಾಗದಿದ್ದರೆ ಸೂರ್ಯನ ಹೊಸ ಆವೃತ್ತಿಯನ್ನಾದರೂ ಹೊರತನ್ನಿರಿ, ಪಾಸ್‌ವರ್ಡ್ ಕೇಳದೆ ಅವನು ಕಬ್ಬು ಮುಟ್ಟಬಾರದು.

ತಾವು ಒಳಗೆ ಬಿಡದಿದ್ದರೂ ತಮ್ಮ ವಿಶ್ವಾಸಿ,
ಶಾಂತಾದೇವಿ

ತಾ.ಕ.: ಮರುದಿನ ಉದಯಕುಮಾರ ಬಂದು ಸರಿಮಾಡಿದ. ಯಂತ್ರ ಗೋದುಬಾಯಿಯ ಕಬ್ಬನ್ನು ಬಹಳ ನಿಖರವಾಗಿ ತೂಗಿ, ಬಿಸಿಲು ತಿಂದದ್ದನ್ನು ಬಿಟ್ಟು ಉಳಿದದ್ದಕ್ಕೆ ಚೀಟಿ ಕೊಟ್ಟಿತು. ತಮ್ಮ ಭದ್ರತೆಗೆ ಅಭಿನಂದನೆಗಳು: ಒಳಗೆ ಒಬ್ಬ ಕಳ್ಳನೂ ಬರಲಿಲ್ಲ, ಕಳುವಾದದ್ದೆಲ್ಲ ಹೊರಗೆ, ಅವಳ ಗಾಡಿಯಲ್ಲಿ.