ಮೂವತ್ತೊಂದು ತಪ್ಪುಗಳ ಸಿನಿಮಾ

"ಸಿನಿಮಾ ಹೆಂಗಿತ್ತು?"

ಹುಸೇನಪ್ಪನ ಶುಕ್ರವಾರ ಹಾಳಾದದ್ದು ಈ ಎರಡು ಮಾತಿನಿಂದ. ಕೇಳಿದವರು ಬೇರೆ ಯಾರಾದರೂ ಆಗಿದ್ದರೆ 'ನಡೀತದ' ಎಂದು ಹೇಳಿ ಚಹಾ ಕುಡಿಯಲು ಹೋಗಬಹುದಿತ್ತು. ಕೇಳಿದ್ದು ಮ್ಯಾನೇಜರ್ ಗುರುರಾಜ. ಹಿಂದಿನ ದಿನ ಇಡೀ ತಂಡವನ್ನು ಬಸ್ಸಿನಲ್ಲಿ ತುಂಬಿಕೊಂಡು ಸಿಕಂದರಾಬಾದಿಗೆ ಒಯ್ದು, ಹೊಸದಾಗಿ ಬಂದ ತೆಲುಗು ಸಿನಿಮಾ ತೋರಿಸಿದ ಪುಣ್ಯಾತ್ಮ ಅವನೇ. ತೋರಿಸಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಕತೆ ಹೇಗಿತ್ತು, ನಟರು ಹೇಗೆ ಮಾಡಿದ್ದಾರೆ, ಸಂಜೆಯೊಳಗೆ ಮುಚ್ಚುಮರೆ ಇಲ್ಲದೆ ಬರೆದು ಕಳಿಸಿರೆಂದು ಬೆಳಿಗ್ಗೆಯೇ ಎಲ್ಲರಿಗೂ ಮೇಲ್ ಹಾಕಿದ್ದ.

"ಬರದು ಕಳಸ್ತೀನ್ರಿ ಸರ್," ಅಂದ ಹುಸೇನಪ್ಪ. "ಅಂದಂಗ, ನಂದು ರಜಾದ ಅರ್ಜಿ..."

"ಮೊದಲ ಸಿನಿಮಾದ್ದು ಕಳಸು. ರಜಾ ಆಮ್ಯಾಲ ನೋಡೋಣಂತ," ಎಂದು ಗುರುರಾಜ ಮೀಟಿಂಗ್ ಕೋಣೆಯೊಳಗೆ ಹೋದ. ಅಲ್ಲಿ ಅಮೆರಿಕದಿಂದ ಬಂದ ವಿಮಾ ಕಂಪನಿಯ ದೊರೆಗಳು ಕುಳಿತಿದ್ದರು.

ಆ ಅರ್ಜಿ ಸೋಮವಾರದಿಂದ ಗುರುರಾಜನ ಕಂಪ್ಯೂಟರಿನಲ್ಲಿ ಕೊಳೆಯುತ್ತಿತ್ತು. ಹುಸೇನಪ್ಪ ಬೇಡಿದ್ದು ಬರೀ ಮೂರು ದಿನ. ಹೆಂಡತಿ ಶಿವದೇವಿ ಸೇಡಂನ ತವರಿನಲ್ಲಿ ಹೆತ್ತು ಎರಡು ತಿಂಗಳಾಗಿತ್ತು. ಮಗಳನ್ನು ಅವನು ನೋಡಿದ್ದು ಒಂದೇ ಸಲ, ಅದೂ ಅವಳು ನಿದ್ದೆಯಲ್ಲಿದ್ದಾಗ. ತೊಟ್ಟಿಲಿಗೆ ಹಾಕುವ ಕಾರ್ಯ ಇವನ ಕೆಲಸದ ದೆಸೆಯಿಂದ ಎರಡು ಸಲ ಮುಂದೆ ಹೋಗಿ, ಕೊನೆಗೆ ನಾಳೆ ಬೆಳಿಗ್ಗೆಗೆ ನಿಂತಿತ್ತು. ಸಂಜೆ ಐದೂವರೆಗೆ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಸೇಡಂ ಸೇರಬಹುದು. ಶಿವದೇವಿ ಬೆಳಿಗ್ಗೆಯೇ ಫೋನ್ ಮಾಡಿದ್ದಳು.

"ಈ ಸಲಾನೂ ಬರಲಿಲ್ಲಂದ್ರ ತೊಟ್ಟಲದ ಮುಂದ ನಿಮ್ಮ ಫೋಟೋ ಇಟ್ಟು ಕಾರ್ಯ ಮಾಡ್ತೀವಿ ನೋಡ್ರಿ."

"ಇಡು. ಆದ್ರ ಹಾರ ಹಾಕಬ್ಯಾಡ."

"ಅದು ನಿಮ್ಮ ಕೈಯಾಗ ಐತಿ," ಎಂದು ಅವಳು ಫೋನ್ ಇಟ್ಟಳು.

ಹಾಗಾಗಿ ಅವನು ಮಾಡಬೇಕಾದದ್ದು ಇಷ್ಟೇ: ನಾಲ್ಕು ಸಾಲು ಹೊಗಳಿಕೆ ಬರೆದು, ರಜೆ ಪಡೆದು, ರೈಲು ಹತ್ತುವುದು. ಮೂರನೇ ಕ್ಲಾಸಿನ ಹುಡುಗನೂ ಮಾಡಬಹುದಾದ ಕೆಲಸ. ಹುಸೇನಪ್ಪನಿಗೆ ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ಅವನ ವೃತ್ತಿ. ಹೈದರಾಬಾದಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಆ ದಿನಗಳಲ್ಲಿ ಎಲ್ಲರೂ ಪ್ರೋಗ್ರಾಮ್ ಬರೆಯುತ್ತಿದ್ದರೆ, ಇವನು ಅವರು ಬರೆದದ್ದರಲ್ಲಿ ತಪ್ಪು ಹುಡುಕುತ್ತಿದ್ದ. ಸಿಕ್ಕ ತಪ್ಪಿಗೆ 'ಬಗ್' ಎಂದು ಹೆಸರಿಟ್ಟು, ಅದಕ್ಕೊಂದು ನಂಬರು ಕೊಟ್ಟು ದಾಖಲಿಸುವುದೇ ಸಂಬಳದ ಕೆಲಸ. ಎಂಟು ವರ್ಷ ಇದನ್ನೇ ಮಾಡಿದ ಕಣ್ಣು ಎಂಥದಾಗಿರಬೇಡ? ಮದುವೆ ಮನೆಗೆ ಹೋದರೂ ಅವನಿಗೆ ಮೊದಲು ಕಾಣುತ್ತಿದ್ದದ್ದು ಹಂದರದ ಸೊಟ್ಟ ಕಂಬ.

ಪಕ್ಕದ ಕುರ್ಚಿಯ ಕಾರ್ತಿಕ, ಮೈಸೂರಿನ ಹುಡುಗ, ಆಗಲೇ ಕೈ ತೊಳೆದುಕೊಂಡಿದ್ದ.

"ಹೊಗಳಿ ಬಿಸಾಕಿ ಸಾರ್. ನಿಮ್ಮ ಗಂಟೇನು ಹೋಗತ್ತೆ? ನಾನು 'ಅದ್ಭುತ, ನಾಯಕನ ಅಭಿನಯ ಮನ ಕಲಕಿತು' ಅಂತ ಕಳಿಸಾಯ್ತು."

"ನೀ ಸಿನಿಮಾ ತುಂಬ ಗೊರಕಿ ಹೊಡದೆಲ್ಲೋ ಮಾರಾಯ!"

"ಅದಕ್ಕೇ ಇಷ್ಟು ಚೆನ್ನಾಗಿ ಹೊಗಳಕ್ಕೆ ಆಗಿದ್ದು. ನೀವು ಎಚ್ಚರ ಇದ್ದಿದ್ದೇ ತಪ್ಪು."

ಹುಸೇನಪ್ಪ ಬರೆಯಲು ಕುಳಿತ. 'ನಾಯಕನ ಅಭಿನಯ' ಎಂದು ಬರೆದ. ಮುಂದೆ ಬೆರಳು ಓಡಲಿಲ್ಲ. ಆ ನಾಯಕ ಅಳುವಾಗ ದವಡೆ ಹಿಡಿದುಕೊಂಡ ರೀತಿ ಕಣ್ಣ ಮುಂದೆ ಬಂತು. ಮೂರು ಗಂಟೆ ಆ ಮುಖ ನೋಡಿದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಹೊಟ್ಟೆಯೊಳಗಿನದನ್ನು ಒಂದು ಸಲ ಕಕ್ಕಿಬಿಟ್ಟರೆ ಆಮೇಲೆ ತಣ್ಣಗೆ ಕುಳಿತು ಸುಳ್ಳು ಬರೆಯಬಹುದು ಎಂದುಕೊಂಡ. ಬಗ್ ದಾಖಲಿಸುವ ತಂತ್ರಾಂಶದಲ್ಲಿ ಹೊಸಬರ ಅಭ್ಯಾಸಕ್ಕೆಂದು ಒಂದು ಮೂಲೆ ಇತ್ತು. ಅಲ್ಲಿ ಏನು ಬರೆದರೂ ಯಾರೂ ನೋಡುವುದಿಲ್ಲ. ಅದನ್ನು ತೆರೆದು, ಎಂದಿನ ಆಫೀಸಿನ ಇಂಗ್ಲಿಷಿನಲ್ಲಿ ಸುರು ಮಾಡಿದ.

'ಬಗ್ ಒಂದು: ನಾಯಕ ಅಳುವಾಗ ಹಲ್ಲುನೋವು ಬಂದವನಂತೆ ಕಾಣುತ್ತಾನೆ. ತೀವ್ರತೆ: ಹೆಚ್ಚು. ಎಷ್ಟು ಸಲ ಆಗುತ್ತದೆ: ಪ್ರತಿ ಸಲ.'

'ಬಗ್ ಎರಡು: ತಾಯಿ ಮಗನಿಗಿಂತ ಚಿಕ್ಕವಳು. ನಿರೀಕ್ಷೆ: ತಾಯಿ ದೊಡ್ಡವಳಿರಬೇಕು.'

'ಬಗ್ ಮೂರು: ಸತ್ತಿರಬೇಕಾದ ಮನುಷ್ಯ ಹನ್ನೊಂದು ನಿಮಿಷ ಮಾತಾಡುತ್ತಾನೆ. ಆಸ್ತಿ ಹಂಚುತ್ತಾನೆ. ಮಗಳಿಗೆ ಗಂಡು ಗೊತ್ತು ಮಾಡುತ್ತಾನೆ.'

ಬರೆಯುತ್ತ ಹೋದಂತೆ ಎದೆ ಹಗುರಾಯಿತು. ನಾಯಕಿಯ ತುಟಿ ನಿಂತ ಮೇಲೂ ಮಾತು ನಡೆದದ್ದು, ಖಳನಾಯಕ ಏಳು ಗುಂಡು ತಿಂದರೂ ಕನ್ನಡಕ ಬೀಳದಿದ್ದದ್ದು, ನಗಿಸಬೇಕಾದವನು ತಾನೊಬ್ಬನೇ ನಕ್ಕಿದ್ದು, ಒಂದನ್ನೂ ಬಿಡಲಿಲ್ಲ. 'ಇಡೀ ಚಿತ್ರದಲ್ಲಿ ಮನುಷ್ಯನಂತೆ ನಡೆದುಕೊಂಡವನು ಗೇಟು ತೆಗೆಯುವ ಕಾವಲುಗಾರ ಒಬ್ಬನೇ. ಅವನನ್ನು ಎರಡನೇ ದೃಶ್ಯಕ್ಕೇ ಕೊಂದಿದ್ದಾರೆ' ಎಂಬುದು ಮೂವತ್ತೊಂದನೆಯ ಬಗ್. ಕೊನೆಯದನ್ನು ಸೇರಿಸಿ, ಮೈ ಮುರಿದು, ಪರದೆಯ ಮೇಲ್ಭಾಗ ನೋಡಿದ. 'ಅಭ್ಯಾಸ' ಎಂದು ಇರಬೇಕಾದ ಕಡೆ 'ವಿಮಾ ಯೋಜನೆ' ಎಂದಿತ್ತು.

ವಿಮಾ ಯೋಜನೆಯಲ್ಲಿ ಬಗ್ ಬಿದ್ದರೆ ಆ ಕ್ಷಣವೇ ಇಡೀ ತಂಡಕ್ಕೆ ಮೇಲ್ ಹೋಗುತ್ತದೆ. ಗುರುರಾಜನಿಗೂ ಹೋಗುತ್ತದೆ.

ಅಷ್ಟರಲ್ಲಿ ಮೀಟಿಂಗ್ ಕೋಣೆಯ ಬಾಗಿಲು ತೆರೆದು ನೀಲಾ ಓಡಿ ಬಂದಳು. ಧಾರವಾಡದ ಹುಡುಗಿ, ಒಳಗೆ ಟಿಪ್ಪಣಿ ಬರೆದುಕೊಳ್ಳಲು ಕುಳಿತವಳು. ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡಿದ್ದಳು.

"ಹುಸೇನಪ್ಪಾರ, ಏನ್ ಮಾಡಿದ್ರಿ ಇದು? ಗುರುರಾಜ ಸರ್ ಲ್ಯಾಪ್‌ಟಾಪ್ ಪ್ರೊಜೆಕ್ಟರಿಗೆ ಹಚ್ಯಾರ. ನಿಮ್ಮ ಮೇಲ್ ಒಂದೊಂದ ಗ್ವಾಡಿ ಮ್ಯಾಲ ಮೂಡಾಕತ್ತಾವ!"

"ದೊರಿ ಮಂದಿ ನೋಡಿದ್ರೇನು?"

"ನೋಡೂದೇನು, ಓದಾಕತ್ತಾರ! ತಾಯಿ ಮಗನಕ್ಕಿಂತ ಸಣ್ಣಾಕಿ ಅಂತ ಬಂತಲ್ಲ, ತಮ್ಮ ವಿಮಾದ ಲೆಕ್ಕದಾಗ ಹಿಂಗ ಆಗೇತಿ ಅಂತ ತಿಳದು ಆ ದೊಡ್ಡ ದೊರಿ ಬೆವತು ಹೋದ. ಸತ್ತಾವ ಮಾತಾಡ್ತಾನ ಅಂದ ಕೂಡ್ಲೇ ನೀರು ಕೇಳಿದ."

ಕಾರ್ತಿಕ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟ. ನೀಲಾ ದನಿ ತಗ್ಗಿಸಿದಳು.

"ಅದು ಹೋಗ್ಲಿ. ಆ ಸಿನಿಮಾದ ಡೈರೆಕ್ಟರ್ ಯಾರು ಗೊತ್ತೇನು? ಸೃಜನ್ ಅಂತ, ಗುರುರಾಜ ಸರ್ ಹೆಂಡ್ತಿಯ ಖಾಸಾ ತಮ್ಮ. ಮೊನ್ನೆ ಅವರ ಮನಿ ಪೂಜಾಕ್ಕ ಹೋದಾಗ ಅಲ್ಲೇ ಇದ್ದ. ಮೊದಲನೇ ಸಿನಿಮಾ ಅಂತ, ಮೂರು ದಿನದಿಂದ ಅವರ ಮನ್ಯಾಗ ಯಾರೂ ನಿದ್ದಿ ಮಾಡಿಲ್ಲ."

"ಅಯ್ಯ ಶಿವನ, ಇದನ್ನ ಬೆಳಿಗ್ಗೇನ ಹೇಳಬೇಕಿಲ್ಲೋ ತಾಯಿ?"

"ನೀವು ಕೇಳಿದ್ರೇನು?"

ರಜೆ ಹೋಯಿತು, ರೈಲು ಹೋಯಿತು, ಬಹುಶಃ ನೌಕರಿಯೂ ಹೋಯಿತು. ಹುಸೇನಪ್ಪನಿಗೆ ತೊಟ್ಟಿಲ ಮುಂದೆ ಇಟ್ಟ ತನ್ನ ಫೋಟೋ ಹಾರ ಸಮೇತ ಕಂಡಿತು. ಏನಾದರೂ ಮಾಡಬೇಕು. ದಾಖಲಾದ ಬಗ್ ಅಳಿಸಲು ಬರುವುದಿಲ್ಲ, ಮುಚ್ಚಲು ಬರುತ್ತದೆ. ಕುರ್ಚಿ ಎಳೆದುಕೊಂಡು ಒಂದೊಂದನ್ನೇ ತೆರೆದು, 'ಇದು ತಪ್ಪಲ್ಲ, ಇರಬೇಕಾದದ್ದೇ ಹೀಗೆ' ಎಂದು ಬರೆದು ಮುಚ್ಚತೊಡಗಿದ. ಹತ್ತೊಂಬತ್ತನೆಯದನ್ನು ಮುಚ್ಚುವಾಗ ಕಾರ್ತಿಕ ಮೆಲ್ಲಗೆ ಕೆಮ್ಮಿದ.

"ಸಾರ್, ಮುಚ್ಚಿದಾಗ್ಲೂ ಎಲ್ಲಾರಿಗೂ ಮೇಲ್ ಹೋಗತ್ತೆ ಅಲ್ವಾ?"

ಹುಸೇನಪ್ಪ ತಲೆಯೆತ್ತಿ ಮೀಟಿಂಗ್ ಕೋಣೆಯ ಗಾಜಿನತ್ತ ನೋಡಿದ. ಒಳಗೆ ಗೋಡೆಯ ಮೇಲೆ 'ತಾಯಿ ಮಗನಿಗಿಂತ ಚಿಕ್ಕವಳು: ಇದು ತಪ್ಪಲ್ಲ' ಎಂಬ ಸಾಲು ಹೊಳೆಯುತ್ತಿತ್ತು. ದೊಡ್ಡ ದೊರೆ ಎದ್ದು ನಿಂತಿದ್ದ. ಇಷ್ಟಾದ ಮೇಲೆ ಅರ್ಧಕ್ಕೆ ಬಿಟ್ಟರೆ ಇನ್ನೂ ಕೆಟ್ಟದ್ದೆಂದು ಉಳಿದ ಹನ್ನೆರಡನ್ನೂ ಮುಚ್ಚಿ, ಹಣೆಗೆ ಕೈ ಹಚ್ಚಿ ಕುಳಿತ.

ನಾಲ್ಕು ಗಂಟೆಗೆ ಕರೆ ಬಂತು.

ಗುರುರಾಜ ತನ್ನ ಕೋಣೆಯಲ್ಲಿ ಮೂವತ್ತೊಂದು ಬಗ್‌ಗಳನ್ನೂ ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡಿದ್ದ. ಕೆಂಪು ಪೆನ್ನಿನಲ್ಲಿ ಅಲ್ಲಲ್ಲಿ ಗೀಟು ಎಳೆದಿದ್ದ.

"ಕೂಡು. ಇದನ್ನ ಬರದಾವ ನೀನೇ ಏನು?"

"ತಪ್ಪಾತ್ರಿ ಸರ್. ದೊರಿಗಳಿಗೆ ನಾನ ಹೋಗಿ ಹೇಳ್ತೀನ್ರಿ..."

"ಅವರಿಗೆ ನಾ ಹೇಳೀನಿ, ಹೊಸಬರ ತರಬೇತಿದು ಅಂತ. ನಿನ್ನ ನೌಕರಿ ಉಳಿಸೀನಿ, ಅದನ್ನ ಬಿಡು. ಇದು ಖರೇನೋ ಸುಳ್ಳೋ, ಅಷ್ಟು ಹೇಳು."

ಸುಳ್ಳು ಎನ್ನಬೇಕೆಂದೇ ಹುಸೇನಪ್ಪ ಬಾಯಿ ತೆರೆದ. ಎಂಟು ವರ್ಷದ ಚಟ ಅಡ್ಡ ಬಂತು.

"ಖರೇರಿ."

ಗುರುರಾಜ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ಹದಿನೆಂಟು ಮಂದಿ ಬರದು ಕಳಿಸ್ಯಾರ, ಹುಸೇನಪ್ಪ. ಹದಿನೆಂಟೂ 'ಅದ್ಭುತ, ನಾಯಕನ ಅಭಿನಯ ಮನ ಕಲಕಿತು' ಅಂತ. ಕಾರ್ತಿಕಂದು ಎಲ್ಲಾರೂ ನಕಲು ಹೊಡದಾರ, ಅವನ ಹೆಸರು ಸುದ್ದಾ ಇಬ್ಬರು ತಗದಿಲ್ಲ. ಖರೇ ಹೇಳಿದಾವ ನೀ ಒಬ್ಬನ. ಈಗ ಇಡೀ ಪಟ್ಟಿ ಫೋನಿನ್ಯಾಗ ನಮ್ಮ ಸೃಜನ್‌ಗ ಓದಿ ಹೇಳಿದೆ."

"ಅವರು ಏನಂದ್ರು ಸರ್?"

"ಅತ್ತ. ಆಮ್ಯಾಲ, ಇಷ್ಟು ದಿನ ಈ ಮನಶ್ಯಾ ಎಲ್ಲಿದ್ದ ಅಂದ." ಗುರುರಾಜ ಮೂಗು ಒರೆಸಿಕೊಂಡು ಕಂಪ್ಯೂಟರಿನತ್ತ ತಿರುಗಿದ. "ನಿನಗ ರಜಾ ಎಷ್ಟು ದಿನ ಬೇಕು?"

"ಮೂರು ದಿನರಿ."

"ಐದು ತಗೋ." ಗುಂಡಿ ಒತ್ತಿದ ಸದ್ದು ಕೇಳಿತು. "ಆತು ನೋಡು."

ಹುಸೇನಪ್ಪನಿಗೆ ಕುಣಿಯಬೇಕೆನಿಸಿತು. ಇನ್ನೂ ನಾಲ್ಕೂ ಕಾಲು. ಆಟೋ ಹಿಡಿದರೆ ರೈಲಿಗೆ ಧಾರಾಳ ಸಮಯ. ಜಗತ್ತಿನಲ್ಲಿ ನಿಜಕ್ಕೆ ಬೆಲೆ ಇಲ್ಲ ಎಂದವನ ಬಾಯಿಗೆ ಸಕ್ಕರೆ ಹಾಕಿ ಮುಚ್ಚಬೇಕು ಎಂದುಕೊಂಡು, ನಮಸ್ಕಾರ ಮಾಡಿ, ಬಾಗಿಲಿಗೆ ಕೈ ಹಾಕಿದ.

"ಎಲ್ಲಿಗಿ ಹೊಂಟಿ?"

"ಸೇಡಂಗರಿ, ಸರ್."

"ಸೇಡಂಗ ಯಾಕ? ನಮ್ಮಲ್ಲಿ ನಿಯಮ ಏನದ? ಬಗ್ ಹಾಕಿದಾವನೇ, ತಿದ್ದಿದ್ದನ್ನ ಪರೀಕ್ಷಾ ಮಾಡಿ ಮುಚ್ಚಬೇಕು. ನೀ ಮಧ್ಯಾಹ್ನ ಏನೂ ನೋಡದ ಮೂವತ್ತೊಂದೂ ಮುಚ್ಚೀದಿ. ನಾ ಎಲ್ಲಾ ತಿರುಗಿ ತಗದೀನಿ. ಸೃಜನ್ ಈಗಿಂದೀಗ ಕತ್ತರಿ ಹಿಡಕೊಂಡು ಕೂತಾನ, ಒಂದೊಂದ ಆಟಕ್ಕ ಒಂದಿಷ್ಟು ಕತ್ತರಸ್ತಾನ. ಇವತ್ತು ಆರರ ಆಟ, ನಾಳೆ ಮುಂಜಾನಿ ಆಟ, ಹಿಂಗ ಐದು ದಿನ ನೀ ನೋಡಬೇಕು, ಯಾವುದು ಸರಿ ಆತು ಅಂತ ಬರೀಬೇಕು."

"ಸರ್, ರಜಾ ಕೊಟ್ರೆಲ್ರಿ ಮತ್ತ!"

"ಆಫೀಸಿನ ವ್ಯಾಳ್ಯಾದಾಗ ಸಿನಿಮಾ ನೋಡಿದ್ರ ಕಂಪನಿ ಒಪ್ಪತದೇನು? ಅದಕ್ಕ ಕೊಟ್ಟದ್ದು ರಜಾ."

"ನಾಳೆ ನನ್ನ ಮಗಳ ತೊಟ್ಟಲ ಐತ್ರಿ ಸರ್. ಇದು ಮೂರನೇ ಸಲ. ಆ ಕೂಸಿಗೆ ನನ್ನ ಮುಖಾನ ಗೊತ್ತಿಲ್ರಿ."

ಗುರುರಾಜ ನಿಜವಾಗಿಯೂ ಮರುಗಿದ. ಅವನ ಹೆಗಲ ಮೇಲೆ ಕೈ ಇಟ್ಟು, ಬಿಡಿಸಿ ಹೇಳಿದ.

"ತೊಟ್ಟಲ ಮುಂದಿನ ವಾರನೂ ಇರತದ, ಹುಸೇನಪ್ಪ. ಈ ಸಿನಿಮಾ ಮುಂದಿನ ವಾರ ಇರೂದಿಲ್ಲ." ಆಮೇಲೆ ಸಮಾಧಾನಕ್ಕೆಂದು ಸೇರಿಸಿದ: "ಒಬ್ಬನ ಕೂತು ಬ್ಯಾಸರಾಗತದ ಅನಬ್ಯಾಡ. ದೊರಿಗಳು ಇರೂದರಿಂದ ನನಗಂತೂ ಬರಾಕ ಆಗೂದಿಲ್ಲ. ನಮ್ಮ ಮನಿಯಾಕಿ ಅಹಲ್ಯಾನ ಕಳಸ್ತೀನಿ. ತಮ್ಮನ ಸಿನಿಮಾ, ಐದೂ ದಿನ ನಿನ್ನ ಪಕ್ಕದಾಗ ಕೂತು ನೋಡ್ತಾಳ."

ಐದೂವರೆಗೆ ಲಿಂಗಂಪಲ್ಲಿಯಲ್ಲಿ ರೈಲು ಬಂದು ನಿಂತಾಗ ಹುಸೇನಪ್ಪ ಸಿಕಂದರಾಬಾದಿನ ಚಿತ್ರಮಂದಿರದ ಮೆಟ್ಟಿಲ ಮೇಲೆ ನಿಂತಿದ್ದ. ಗೇಟಿನ ಬಳಿ ಅಹಲ್ಯಾ ಕಾರಿನಿಂದ ಇಳಿದು ಕೈ ಬೀಸಿದಳು. ಅದೇ ಹೊತ್ತಿಗೆ ಫೋನ್ ಬಡಿದುಕೊಂಡಿತು.

"ರಜಾ ಸಿಕ್ತೇನ್ರಿ?" ಶಿವದೇವಿಯ ದನಿ.

"ಸಿಕ್ತು. ಐದು ದಿನ."

"ಖರೇನ? ನಾ ಸುಮ್ಮನ ನಿಮ್ಮ ಮ್ಯಾನೇಜರಗ ಬೈಕೋತ ಕೂತಿದ್ದೆ. ರೈಲು ಹತ್ತಿದ್ರಿಲ್ಲೋ?"

"ಇಲ್ಲ. ಬರಾಕ ಆಗಂಗಿಲ್ಲ, ಶಿವದೇವಿ."

"ಯಾಕ?"

"ಸಿನಿಮಾ ನೋಡಬೇಕಾಗೇತಿ."

ಆ ಕಡೆ ಮಗು ಅಳುವುದು ಕೇಳಿಸಿತು. ಯಾರೋ ಅದನ್ನು ಎತ್ತಿಕೊಂಡು ಹೋದರು.

"ಐದು ದಿನಾನೂ?"

"ಐದು ದಿನಾನೂ. ಒಂದ ಸಿನಿಮಾ."

ಶಿವದೇವಿ ತಣ್ಣಗೆ ಕೇಳಿದಳು.

"ಯಾರ ಜೋಡಿ?"

ಹುಸೇನಪ್ಪ ದೇವರಾಣೆಗೂ ಒಂದು ಸುಳ್ಳು ಹುಡುಕಿದ. ಕಾರ್ತಿಕನಿಗೆ ಕ್ಷಣದಲ್ಲಿ ಹೊಳೆಯುವಂಥದ್ದು ಅವನಿಗೆ ಏನು ಮಾಡಿದರೂ ಹೊಳೆಯಲಿಲ್ಲ.

"ಮ್ಯಾನೇಜರನ ಹೆಂಡ್ತಿ ಜೋಡಿ," ಅಂದ.