ಸಾವುಕಾರರ ಕೆಂಪು ಗಾಡಿ ಗೇಮಿಗೆ ಹೋದದ್ದು

ಊರಲ್ಲಿ ಯಾರಿಗೂ ಆಗದ ಫಜೀತಿ ನನಗೊಬ್ಬಳಿಗೇ ಯಾಕೆ ಆಗುತ್ತದೆ ಎಂದು ಮೊದಮೊದಲು ಅಳು ಬರುತ್ತಿತ್ತು. ಈಗ ವಾರಕ್ಕೊಂದಾದರೂ ಆಗದಿದ್ದರೆ ಏನೋ ಕಳೆದುಕೊಂಡ ಹಾಗೆ ಅನ್ನಿಸುತ್ತದೆ.

ನಾನು ಬಸವಕಲ್ಯಾಣದ ಮನೆಯಲ್ಲೇ ಕೂತು ಪುಣೆಯ ಒಂದು ಗೇಮ್ ಕಂಪನಿಗೆ ಕೆಲಸ ಮಾಡುತ್ತೇನೆ. ಮೇಜಿಗೆ ಸ್ಟೇರಿಂಗ್ ಬಿಗಿದು, ಕಾಲಡಿ ಪೆಡಲ್ ಇಟ್ಟುಕೊಂಡು, ಖರೇ ಕಾರು ಓಡಿಸಿದ ಹಾಗೆ ಆಡುವ ಗೇಮ್ ಅದು. ಅದರಲ್ಲಿ ಕಾಣುವುದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಡುವುದು ನಮ್ಮ ಕೆಲಸ. ಇಷ್ಟು ದಿನ ನನ್ನ ಪಾಲಿಗೆ ಬಂದದ್ದು ಟ್ರ್ಯಾಕಿನ ಬದಿಯ ಕಸದ ಡಬ್ಬಿ, ಬೇಲಿ ಮತ್ತು ಗಿಡ. ಕಾರು ಮಾಡುವವರೆಲ್ಲ ಬೇರೆ. ಆಫೀಸಿನವರನ್ನು ಸಿಕ್ಕ ಸಿಕ್ಕಾಗ ಪೀಡಿಸಿದ ಮೇಲೆ ಕಡೆಗೆ ನನಗೂ ಒಂದು ಕಾರು ಸಿಕ್ಕಿತು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರು. ಹಳೆಯದು, ಈಗೆಲ್ಲೂ ಸುಲಭಕ್ಕೆ ಕಾಣದು. ಅಂಥದ್ದೊಂದು ಹುಮನಾಬಾದಿನ ತೊಗರಿಬೇಳೆ ಸಾವುಕಾರರ ಅಂಗಳದಲ್ಲಿತ್ತು. ಹೈದರಾಬಾದಿನಲ್ಲಿ ಕಂಡು, ಮನಸೋತು, ತಂದು ನಿಲ್ಲಿಸಿಕೊಂಡಿದ್ದರು.

"ಮಾಡ್ರಿ ತಂಗಿ, ನಂದೇನ ತಕರಾರಿಲ್ಲ," ಅಂದರು ಸಾವುಕಾರರು. "ಆದ್ರ ಎಲ್ಲಾ ಮುಗದ ಮ್ಯಾಲ ನಾ ಕುಂತು ಓಡ್ಸಿ ನೋಡ್ತೀನಿ. ನಂದೇ ಗಾಡಿ ಅನ್ನಿಸ್ತು ಅಂದ್ರ ಸಹಿ ಮಾಡ್ತೀನಿ. ಇಲ್ಲಂದ್ರ ಇಲ್ಲ."

ಸಹಿ ಇಲ್ಲದೆ ಕಾರು ಗೇಮಿಗೆ ಹೋಗುವಂತಿಲ್ಲ. ಕಾರು ಹೋಗದಿದ್ದರೆ ನಾನು ಮತ್ತೆ ಕಸದ ಡಬ್ಬಿಗೆ.

ಬೂದಿ

ಕಾರಿನ ಸುತ್ತ ನೂರಾರು ಫೋಟೋ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದು ಕಾರಿನ ಆಕಾರ ಕಟ್ಟಿಕೊಡುತ್ತದೆ. ಒಂದೇ ತೊಂದರೆ ಎಂದರೆ, ಕಾರು ಮಿರಮಿರ ಮಿಂಚಬಾರದು. ಮಿಂಚಿದರೆ ಅದರೊಳಗೆ ಆಕಾಶ ಕಾಣುತ್ತದೆ, ಗೋಡೆ ಕಾಣುತ್ತದೆ, ನನ್ನ ಮುಖವೂ ಕಾಣುತ್ತದೆ. ಕಂಪ್ಯೂಟರ್ ತಲೆಕೆಟ್ಟು ನನ್ನ ಮೂಗನ್ನೂ ಬಾನೆಟ್ಟಿಗೆ ಸೇರಿಸಿಬಿಡುತ್ತದೆ. ಅದಕ್ಕೇ ಮೈತುಂಬ ಒಂದು ಬಿಳಿ ಪುಡಿ ಸಿಂಪಡಿಸಬೇಕು. ಆಮೇಲೆ ತೊಳೆದರೆ ಹೋಗುತ್ತದೆ.

ನಾನು ತಂದಿದ್ದ ಪುಡಿಯ ಡಬ್ಬಿ ಅರ್ಧ ಕಾರಿಗೇ ಮುಗಿಯಿತು. ಹುಮನಾಬಾದಿನ ಅಂಗಡಿಗಳಲ್ಲಿ ಅದನ್ನು ಕೇಳಿದರೆ ಡಿಡಿಟಿ ಕೊಡಲು ಬಂದರು. ನಾನು ತಲೆ ಮೇಲೆ ಕೈಹೊತ್ತು ಕೂತೆ. ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ ಸಾವುಕಾರರ ತಾಯಿ, ಊರಿಗೆಲ್ಲ ಅವರು ಆಯಿ, ಕೇಳಿದರು:

"ಬೆಳ್ಳಗ ಆಗಬೇಕು, ಮಿಂಚಬಾರದು, ತೊಳದ್ರ ಹೋಗಬೇಕು. ಇಷ್ಟ ಹೌದಲ್ಲ?"

"ಹೌದ್ರಿ ಆಯಿ."

"ಅಷ್ಟಕ್ಕ ಯಾಕ ಅಳ್ತೀಯವ್ವಾ?" ಎಂದು ಒಳಗೆ ಹೋಗಿ ವಿಭೂತಿ ಗಟ್ಟಿಗಳ ಬುಟ್ಟಿಯನ್ನೇ ತಂದರು. ನೀರಲ್ಲಿ ತೇಯ್ದು ಹಚ್ಚಿದರೆ, ಆಹಾ, ಏನು ಮಬ್ಬು, ಏನು ಹದ! ಕಂಪನಿಯ ಪುಡಿಯೂ ಅದರ ಮುಂದೆ ಏನಲ್ಲ. ಆದರೆ ಆಯಿಯ ಕೈಗೆ ಒಂದೇ ರೂಢಿ. ಮೂರು ಬೆರಳು ಅದ್ದಿದರೆ ಮೂರು ಗೆರೆಯೇ ಬರಬೇಕು. ಬಾಗಿಲಿಗೆ, ಬಾನೆಟ್ಟಿಗೆ, ಕನ್ನಡಿಗೆ, ಹೊಗೆ ಕೊಳವೆಗೆ, ಎಲ್ಲಕ್ಕೂ ಮೂರೆಳೆ.

ಬೆಳಕಿಗಾಗಿ ಕಾರನ್ನು ಬೀದಿಗೆ ತಂದು ನಿಲ್ಲಿಸಿದೆವು. ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಒಬ್ಬರು ಬಾನೆಟ್ಟಿನ ಮೇಲೆ ಬಾಳೆಹಣ್ಣು ಇಟ್ಟರು. ಒಬ್ಬ ಅಜ್ಜ ನನ್ನ ಕಿವಿಯಲ್ಲಿ ಕೇಳಿದ, "ಯಾ ಮಠದ್ದು ತಂಗಿ ಗಾಡಿ? ಅಪ್ಪೋರು ಒಳಗ ಅದಾರೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ, ಸ್ಟೇರಿಂಗ್ ನೇರ ಮಾಡಲು ಒಳಗೆ ಕೂತಿದ್ದ ಸಾವುಕಾರರು ಬಾಗಿಲು ತೆರೆದು ಹೊರಬಂದರು. ಸ್ವಾಮಿಗಳೇ ಇಳಿದರೆಂದು ಅಜ್ಜ ಸೀದಾ ಕಾಲಿಗೆ ಬಿದ್ದ. ಬೇಡ ಅನ್ನಬೇಕಿತ್ತಲ್ಲವೇ? ಸಾವುಕಾರರು ಕಣ್ಣು ಅರ್ಧ ಮುಚ್ಚಿ, ಕೈಯೆತ್ತಿ, "ಛೊಲೋ ಆಗ್ಲಿ" ಅಂದುಬಿಟ್ಟರು.

ಸದ್ದು

ಇಂಜಿನ್ನಿನ ಸದ್ದು ಹಿಡಿಯಲು ಪುಣೆಯಿಂದ ನಮ್ಮ ಸಹೋದ್ಯೋಗಿ ಬಂದ. ಮಾತಾಡುವುದೆಂದರೆ ಆಗದ ಪ್ರಾಣಿ ಅದು. ಉಸಿರಾಡುವುದನ್ನೂ ಮೆಲ್ಲಗೆ ಮಾಡುತ್ತಾನೆ. ಸದ್ದುಗದ್ದಲ ಇಲ್ಲದ ರಸ್ತೆ ಬೇಕೆಂದ. ಘಾಟಬೋರಾಳದ ಕಡೆ ಹೊಲಗಳ ನಡುವಿನ ದಾರಿಗೆ ಹೋದೆವು. ಒಂದು ನರಪಿಳ್ಳೆ ಇಲ್ಲ. ಹೊಗೆ ಕೊಳವೆಯ ಹತ್ತಿರ, ಇಂಜಿನ್ನಿನ ಹತ್ತಿರ ಮೈಕು ಅಂಟಿಸಿ, ಅವನು ಕೈ ಮಾಡಿದ. ಸಾವುಕಾರರು ಹೊರಟರು, ಹಾರನ್ ಬಾರಿಸುತ್ತಲೇ.

"ಹಾರನ್ ಬೇಡ ಸರ್," ಅಂದ ಅವನು.

"ಹಾರನ್ ಹೊಡೀಲಾರದ ಗಾಡಿ ಹ್ಯಾಂಗ ಮುಂದ ಹೋಗ್ತದ್ರಿ?"

ಎಷ್ಟು ಹೇಳಿದರೂ ಕೈ ಕೇಳಲೊಲ್ಲದು. ತಿರುವಿಗೊಂದು ಹಾರನ್, ಜಾಲಿಗಿಡಕ್ಕೊಂದು ಹಾರನ್, ತಮ್ಮ ನೆರಳಿಗೂ ಒಂದು ಹಾರನ್. ಕಡೆಗೆ ಅವನು ಹಾರನ್ನಿನ ವೈರನ್ನೇ ಕಿತ್ತ. ಸಾವುಕಾರರು ಗುಂಡಿ ಒತ್ತಿ ನೋಡಿದರು, ಸದ್ದಿಲ್ಲ. ಅಷ್ಟಕ್ಕೆ ಸುಮ್ಮನಾಗುವವರಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಖಾಲಿ ರಸ್ತೆಗೆ ಗಂಟಲು ಹರಿಯುವ ಹಾಗೆ, "ಏ ಸರೀರಿ! ಬಾಜೂ ಆಗ್ರಿ! ಗಾಡಿ ಬರಾಕತ್ತದ!" ಎಂದು ಕೂಗುತ್ತಾ ಹೋದರು.

ಎರಡು ದಿನದ ಮೇಲೆ ಪುಣೆಯ ಆಫೀಸಿನಿಂದ ಫೋನ್ ಬಂತು. "ಇಂಜಿನ್ ಬಹಳ ಚೆನ್ನಾಗಿ ಬಂದಿದೆ. ಅದರ ಜೊತೆ ಬಂದಿರುವ ಮನುಷ್ಯನನ್ನು ಆಫ್ ಮಾಡುವುದು ಹೇಗೆ?"

ವೇಗ

ಕಾರು ಓಡುವಾಗ ಹೇಗೆ ಬಾಗುತ್ತದೆ, ಹೇಗೆ ಕುಲುಕುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಬೇಕಿತ್ತು. ಸರಿ, ಕೂತೆ. ಮೊದಲ ಹಂಪ್ ಬಂತು. ಸಾವುಕಾರರು ನಿಲ್ಲಿಸಿದರು. "ತಂಗಿ, ಜರಾ ಇಳೀರಿ. ತಳಾ ಬಡೀತದ."

ಇಳಿದೆ. ಕಾರು ಓರೆಯಾಗಿ, ಬಸುರಿ ಹೆಂಗಸಿನ ಹಾಗೆ ಮೆಲ್ಲಗೆ ಹಂಪ್ ದಾಟಿತು. ಹತ್ತಿದೆ. ಅಷ್ಟರಲ್ಲಿ ಮತ್ತೊಂದು ಹಂಪ್. ನಮ್ಮೂರುಗಳಲ್ಲಿ ಹಂಪಿಗೇನು ಬರವೇ? ಮನೆಗೊಂದು, ಕೆಲವು ಮನೆಗೆ ಎರಡು. ಹತ್ತುವುದು, ಇಳಿಯುವುದು, ಹತ್ತುವುದು, ಇಳಿಯುವುದು. ನೆಲಮಟ್ಟದ ಸೀಟಿನಿಂದ ಏಳುವಾಗಲೆಲ್ಲ ನನ್ನ ಮೊಣಕಾಲು ಲಟಲಟ ಅನ್ನುತ್ತಿತ್ತು. ಹಿಂದೆ ಬರುತ್ತಿದ್ದ ಆಟೋದವನಿಗೇ ಕರುಳು ಚುರ್ ಅಂದಿರಬೇಕು. "ಅಕ್ಕಾ, ನಮ್ಮ ಆಟೋದಾಗ ಬರ್ರಿ," ಅಂದ. "ಚಿಟಗುಪ್ಪಾ ತನಕ ಎಲ್ಲೂ ಇಳಸಂಗಿಲ್ಲ."

ಪಕ್ಕದಲ್ಲಿ ಒಬ್ಬರು ಕೂತಾಗ ಈ ಕಾರಿನ ವೇಗ ಎಷ್ಟು ಎಂದು ಆಫೀಸಿನವರು ಕೇಳಿದರು. ಆ ಒಬ್ಬರು ಎಷ್ಟು ಬೇಗ ನಡೆಯುತ್ತಾರೋ ಅಷ್ಟು ಎಂದು ಬರೆದು ಕಳಿಸಿದೆ.

ಪೂಜೆ

ಅಂತೂ ಕಾರು ತಯಾರಾಯಿತು. ಹೊಳಪು, ಸದ್ದು, ಎಡಬಾಗಿಲ ಗೀರು, ಸೀಟಿನಿಂದ ಇನ್ನೂ ತೆಗೆಯದ ಪ್ಲಾಸ್ಟಿಕ್ ಕವರು ಕೂಡ. ಆದರೆ ಮರುದಿನವೇ ಆಫೀಸಿನಲ್ಲಿ ಕಾರುಗಳ ಆಯ್ಕೆ ಮುಗಿಯುವುದಿತ್ತು. ಸಾವುಕಾರರು ಆಯಿಯನ್ನು ಕರೆದುಕೊಂಡು ಬಸವಕಲ್ಯಾಣದ ನಮ್ಮ ಮನೆಗೆ ಬಂದರು. ಪುಣೆಯವನೂ ಬಂದು ಮೂಲೆ ಹಿಡಿದಿದ್ದ.

ಸಾವುಕಾರರು ಪರದೆಯ ಮೇಲಿನ ಕಾರನ್ನು ಸುತ್ತಲೂ ತಿರುಗಿಸಿ ನೋಡಿದರು. ಗೀರು ಕಂಡು "ಅರೆ, ಇದೂ ಬಂದದಲ್ಲ!" ಎಂದು ಖುಷಿಪಟ್ಟರು. ಚಪ್ಪಲಿ ಬಿಟ್ಟು ಕೂತು, ಸ್ಟೇರಿಂಗ್ ಹಿಡಿದು, ಪೆಡಲಿನ ಮೇಲೆ ಕಾಲಿಟ್ಟರು.

"ಏ ನಿಂದ್ರು!" ಅಂದರು ಆಯಿ. "ಹೊಸಾ ಗಾಡಿ. ಗಾಲಿ ಬುಡಕ ಲಿಂಬಿಹಣ್ಣ ಎಲ್ಲದ?"

ನಾನು ಅಡುಗೆಮನೆಗೆ ಓಡಿ ನಾಲ್ಕು ಲಿಂಬೆಹಣ್ಣು ತಂದು ಪೆಡಲಿನ ಕೆಳಗೆ ಇಡಲು ಹೋದೆ.

"ಅಲ್ಲಿ ಗಾಲಿ ಅದಾವೇನು?" ಆಯಿ ಪರದೆಯ ಕಡೆ ಬೆರಳು ಮಾಡಿದರು. "ಗಾಲಿ ಅಲ್ಲದಾವು. ಅಲ್ಲಿಡು."

"ಆಯಿ, ಅದು ಗೇಮ್ ಒಳಗಿಂದು..."

"ಗಾಡಿ ಒಳಗ ಹೋಗ್ಯದಲ್ಲ, ಲಿಂಬಿಹಣ್ಣಿಗೆ ಏನಾಗ್ಯದ?"

ಸಾವುಕಾರರು ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅವ್ವ ಅಂದ ಮ್ಯಾಲ ಮುಗೀತು, ತಂಗಿ. ಪೂಜಿ ಇಲ್ಲಂದ್ರ ನಾ ಕಾಲಿಡಂಗಿಲ್ಲ."

ಪೂಜೆ ಇಲ್ಲದಿದ್ದರೆ ಓಡಿಸುವುದಿಲ್ಲ, ಓಡಿಸದಿದ್ದರೆ ಸಹಿ ಇಲ್ಲ. ಕಂಪ್ಯೂಟರ್ ಮುಂದೆ ಕೂತೆ. ಲಿಂಬೆಹಣ್ಣನ್ನು ಹೊಸದಾಗಿ ಮಾಡುವಷ್ಟು ಸಮಯವೆಲ್ಲಿ? ಗೇಮಿನೊಳಗೆ ಟ್ರ್ಯಾಕಿನ ಬದಿಗೊಂದು ಬಂಡೆಗಲ್ಲಿತ್ತು. ಅದನ್ನೇ ಕುಗ್ಗಿಸಿ, ಗುಂಡಗೆ ಮಾಡಿ, ಹಳದಿ ಬಳಿದು, ನಾಲ್ಕು ಗಾಲಿಯ ಕೆಳಗೆ ಒಂದೊಂದು ಇಟ್ಟೆ. ಆಯಿ ಬಗ್ಗಿ ನೋಡಿ, "ಹಣ್ಣ ಛೊಲೋ ಅದಾವ" ಎಂದು ಪರದೆಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. "ಹೂಂ, ಈಗ ನಡಸು."

ಸಾವುಕಾರರು ದೇವರನ್ನು ನೆನೆದು ಪೆಡಲ್ ಒತ್ತಿದರು.

ಬಂಡೆ ಕುಗ್ಗಿತ್ತು, ಬಣ್ಣ ಬದಲಾಗಿತ್ತು. ಗಡಸುತನ ಬದಲಿಸಲು ನಾನು ಮರೆತಿದ್ದೆ. ಜಜ್ಜಿ ಹೋಗಬೇಕಾದ ಲಿಂಬೆಹಣ್ಣು ಜಪ್ಪಯ್ಯ ಅನ್ನಲಿಲ್ಲ. ಕಾರೇ ಒಮ್ಮೆ ಮುಕ್ಕರಿಸಿ, ಠಣ್ಣನೆ ಮೇಲಕ್ಕೆ ಹಾರಿ, ಗಾಳಿಯಲ್ಲಿ ಎರಡು ಲಾಗ ಹಾಕಿ, ಬೆನ್ನಡಿಯಾಗಿ ಬಿದ್ದು, ನಾಲ್ಕೂ ಗಾಲಿ ಮೇಲೆ ಮಾಡಿಕೊಂಡು ಗರಗರ ತಿರುಗಿತು.

ಪುಣೆಯವನು ಉಸಿರಾಡುವುದನ್ನೂ ನಿಲ್ಲಿಸಿದ್ದ. ಸಾವುಕಾರರ ಕೈ ಸ್ಟೇರಿಂಗಿಗೆ ಅಂಟಿಕೊಂಡಿತ್ತು, ಮುಖದಲ್ಲಿ ರಕ್ತವಿಲ್ಲ. ನನ್ನ ಕಣ್ಣ ಮುಂದೆ ಬರೀ ಕಸದ ಡಬ್ಬಿಗಳು ಕುಣಿದವು.

ಆಯಿ ಎದ್ದು ಪರದೆಯ ಹತ್ತಿರ ಹೋದರು. "ಒಳಗ ಯಾರರೆ ಇದ್ರೇನು?"

"ಇಲ್ರಿ ಆಯಿ."

"ಮನ್ಯಾಗಿನ ಗಾಡಿಗೆ ಏನರೆ ಆಗ್ಯದೇನು?"

"ಅದು ನಿಮ್ಮ ಅಂಗಳದಾಗ ನಿಂತದಲ್ರಿ. ಅದಕ್ಕೇನಾಗ್ತದ?"

"ಮತ್ಯಾಕ ಎಲ್ಲಾರೂ ಮಾರಿ ಸಣ್ಣದು ಮಾಡೀರಿ?" ಆಯಿ ಎರಡೂ ಕೈಯಿಂದ ಪರದೆಯನ್ನು ಸವರಿ, ಆ ಕೈಗಳನ್ನು ತಮ್ಮ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದು ದೃಷ್ಟಿ ತೆಗೆದರು. "ಆ ಗಾಡಿಗೆ ಬರೂದು ಈ ಗಾಡಿಗೆ ಬಂದು ಹೋತು. ಊರ ಮಂದಿ ಕಣ್ಣೆಲ್ಲಾ ಇಲ್ಲೇ ಕಳೀತು. ಪೂಜಿ ಅಂದ್ರ ಹಿಂಗ ಹತ್ತಬೇಕು. ಸಹಿ ಮಾಡೋ!"

ಸಾವುಕಾರರ ಮುಖಕ್ಕೆ ರಕ್ತ ಮರಳಿತು. ಸಹಿ ಮಾಡಿದ್ದಷ್ಟೇ ಅಲ್ಲ, ಅದರ ಕೆಳಗೆ ಎರಡು ಗೆರೆಯನ್ನೂ ಎಳೆದರು. ನಾನು ಆಯಿಯನ್ನು ತಬ್ಬಿಕೊಂಡು ಕುಣಿದುಬಿಟ್ಟೆ. ಪುಣೆಯವನು ಜನ್ಮದಲ್ಲಿ ಮೊದಲ ಸಲ ಜೋರಾಗಿ ನಕ್ಕ.

"ತಂಗಿ, ಆ ಲಿಂಬಿಹಣ್ಣ ಹಂಗೇ ಇರ್ಲಿ," ಅಂದರು ಸಾವುಕಾರರು. "ಅಮಾಸಿಗೊಮ್ಮೆ ಬಂದು ಪಲ್ಟಿ ಹೊಡಸಿ ಹೋಗ್ತೀನಿ."

ಎಲ್ಲರೂ ಚಹಾ ಕುಡಿದು ಎದ್ದರು. ಹೊಸ್ತಿಲು ದಾಟಿದ್ದ ಆಯಿ ಏನೋ ನೆನಪಾಗಿ ತಿರುಗಿ ಬಂದು, ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದ ಹಾಗೆ ಹೇಳಿದರು:

"ನಮ್ಮ ಅಳಿಯಾ ಮೋಟಾರ್ ಸೈಕಲ್ ಭಾಳ ಜೋರ ಹೊಡೀತಾನವ್ವಾ. ಫೋಟೋ ಕಳಸ್ತೀನಿ, ಅವನನ್ನೂ ಹಿಂಗ ಇದರಾಗ ಮಾಡಿ ಒಮ್ಮೆ ಛಂದಂಗ ಕೆಡವಿಬಿಡು."