ಮಾವನ ಅಸರ್, ಅಳಿಯನ ಅಸರ್

ದರ್ಜಿ ‘ನಾಲ್ಕು ಗಂಟೆಗೆ ಕೊಡ್ತೀನಿ’ ಅಂದಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಆದರೆ ಗಡಿಯಾರದ ಗಂಟೆ ಹೇಳಿ ಗಿರಾಕಿಗಳ ಕೈಗೆ ಸಿಕ್ಕಿಬಿದ್ದು ಸಿಕ್ಕಿಬಿದ್ದು ಅವನು ಪಳಗಿಹೋಗಿದ್ದ. ಹಾಗಾಗಿ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ, ಎಲ್ಲರೆದುರು ಎದೆ ಮುಟ್ಟಿಕೊಂಡು, “ಶನಿವಾರ ಅಸರ್ ಒಳಗೆ ಕೋಟು ನಿಮ್ಮ ಮೈಮೇಲೆ ಇರುತ್ತೆ ಮಾವ” ಅಂದುಬಿಟ್ಟ. ಅಸರ್ ಅಂದರೆ ಮಧ್ಯಾಹ್ನ ಜಾರಿದ ಮೇಲೆ, ಸಂಜೆಗೆ ಮುಂಚೆ ಬರುವ ನಮಾಜು. ಗಂಟೆಯಷ್ಟು ಬಿಗಿಯಿಲ್ಲ, ಕೇಳಲು ಮಾತ್ರ ಗಂಭೀರ. ದರ್ಜಿಗಳಿಗೆ ಹೇಳಿ ಮಾಡಿಸಿದ ಹೊತ್ತು.

ಮಾವ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಕೆಂಪು ಬಾವುಟ, ಹಸಿರು ಬಾವುಟ ಕೈಬಿಟ್ಟಿದ್ದರೂ ಆ ಎರಡು ಬಣ್ಣ ಅವರ ಮುಖದಲ್ಲೇ ಉಳಿದುಕೊಂಡಿದ್ದವು. ಹಸಿರು ಕಾಣುತ್ತಿದ್ದದ್ದು ಅಪರೂಪ. ಶನಿವಾರ ಸಂಜೆ ಗೆಳೆಯನ ಮಗಳ ಮದುವೆಗೆ ಅವರೇ ಸಾಕ್ಷಿ. ಅದಕ್ಕೇ ಹೊಸ ಕೋಟು.

ಶನಿವಾರ ಬಂತು. ಕೋಟಿಗೆ ಇನ್ನೂ ಒಂದೇ ತೋಳು. ಕಾಲರು ಕಚ್ಚಾ ಹೊಲಿಗೆಯ ಟಾಕಿನ ಮೇಲೆ ನೇತಾಡುತ್ತಿತ್ತು. ಲೈನಿಂಗ್ ಬಟ್ಟೆ ತಂದ ಮಡಿಕೆ ಬಿಚ್ಚದೆ ಕೂತಿತ್ತು.

“ನಮ್ಮ ಅಬ್ಬಾ ಬಂದೇ ಬರ್ತಾರೆ, ನೋಡ್ತಾ ಇರಿ” ಎಂದಳು ಹೆಂಡತಿ, ಅಂಗಡಿಯ ಹಿಂದಿನ ಕೋಣೆಯಿಂದ. “ಅಸರ್ ಅಂದ್ರೆ ಅಸರೇ. ಮಿಷನ್ ತುಳಿಯೋದು ಬಿಟ್ಟು ಏನ್ರೀ ಗೋಡೆ ನೋಡ್ತಾ ಕೂತಿದ್ದೀರಾ?”

“ಗೋಡೆ ಅಲ್ವೇ, ಯೋಚನೆ ಮಾಡ್ತಿದ್ದೀನಿ.”

“ಯೋಚನೆಗೆ ತೋಳು ಹಚ್ಚೋಕಾಗುತ್ತಾ?”

ಮಧ್ಯಾಹ್ನದ ನಮಾಜಿಗೆ ಹೋದಾಗ ಮಸೀದಿಯ ಗೋಡೆಯಲ್ಲಿ ಸಮಯ ತೋರಿಸುವ ಕರೆಂಟಿನ ಫಲಕ ಕಣ್ಣು ಮುಚ್ಚಿಕೊಂಡಿತ್ತು. ಹಳೆಯ ಅಚ್ಚಿನ ವೇಳಾಪಟ್ಟಿಯನ್ನು, ಈ ಫಲಕ ಬಂದ ಹುರುಪಿನಲ್ಲಿ, ಯಾರೋ ಹರಿದು ಹಾಕಿದ್ದರು. ಜನ ಫೋನು ತೆಗೆದರು. ಕಿರಾಣಿ ಅಂಗಡಿಯವನ ಫೋನಿನಲ್ಲಿ ಅಸರ್ ಒಂದು ಹೊತ್ತು, ಕ್ಷೌರದ ಅಂಗಡಿಯವನ ಫೋನಿನಲ್ಲಿ ಅದಕ್ಕಿಂತ ಎಷ್ಟೋ ತಡ.

“ನಿನ್ನ ಫೋನು ಡಬ್ಬಾ” ಎಂದ ಕಿರಾಣಿ.

“ನಿಂದು ತಕ್ಕಡಿ ಥರಾನೇ, ಯಾವಾಗ್ಲೂ ಮುಂದೆ ವಾಲುತ್ತೆ” ಎಂದ ಕ್ಷೌರದವನು.

ಇಮಾಮರು ನಕ್ಕರು. “ಫೋನಿಗೇನು ಗೊತ್ತು? ಹೊತ್ತು ಸೂರ್ಯನದು. ನಡು ಮಧ್ಯಾಹ್ನ ವಸ್ತುವಿನ ನೆರಳು ತೀರಾ ಚಿಕ್ಕದಾಗುತ್ತಲ್ಲ, ಆ ಉಳಿದ ನೆರಳನ್ನ ಬದಿಗಿಡಿ. ಆಮೇಲೆ ನೆರಳು ವಸ್ತುವಿನಷ್ಟೇ ಉದ್ದ ಬೆಳೆದಾಗ ಅಸರ್ ಅಂತಾರೆ ಕೆಲವರು. ಎರಡು ಪಟ್ಟು ಬೆಳೀಬೇಕು ಅಂತಾರೆ ಇನ್ನು ಕೆಲವರು. ಎರಡೂ ಸರಿ, ಎರಡಕ್ಕೂ ದೊಡ್ಡ ದೊಡ್ಡ ಪಂಡಿತರಿದ್ದಾರೆ. ನಮ್ಮ ಮಸೀದೀಲಿ ಎರಡು ಪಟ್ಟು. ಆಚೆ ಬೀದಿಯವರದು ಒಂದು ಪಟ್ಟು.”

ಆಚೆ ಬೀದಿ ಅಂದರೆ ಮಾವನ ಬೀದಿ!

ದರ್ಜಿಯ ಮುಖ ಅರಳಿತು. ಕತ್ತರಿಸುವಾಗ ಅಂಗಿಗಾಗುವಷ್ಟು ಬಟ್ಟೆ ಮಿಕ್ಕಿದಂತೆ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಟ್ಟಿಯಾಗಿ ಕೈಗೆ ಬಂದಿತ್ತು. ಅವನು ಅಂಗಡಿಗೆ ನಡೆಯಲಿಲ್ಲ, ತೇಲಿಕೊಂಡು ಹೋದ. ಆ ಖುಷಿಯಲ್ಲಿ ಒಂದು ಚಹಾ ಕುಡಿದ. ಚಹಾ ಕುಡಿದ ಮೇಲೆ ಸ್ವಲ್ಪ ಒರಗಿದ.

ಕಣ್ಣು ಬಿಟ್ಟಾಗ ಮಾವ ಎದುರಿಗೆ ನಿಂತಿದ್ದರು. ತಮ್ಮ ಮಸೀದಿಯಲ್ಲಿ ಅಸರ್ ಮುಗಿಸಿ, ನೆಟ್ಟಗೆ ಇಲ್ಲಿಗೇ ಬಂದಿದ್ದರು. ಒಂಟಿ ತೋಳಿನ ಕೋಟನ್ನು ಬಾವುಟದಂತೆ ಎತ್ತಿ ಹಿಡಿದಿದ್ದರು.

“ಅಳಿಯಂದಿರೇ, ಏನಿದು?”

“ಮಾವ, ಅಸರ್ ಇನ್ನೂ ಆಗಿಲ್ಲ.”

“ನಾನು ನಮಾಜ್ ಮಾಡಿ ಬಂದೆನಲ್ಲೋ!”

“ಅದು ನಿಮ್ಮ ಅಸರ್ ಮಾವ. ನಾನು ಹೇಳಿದ್ದು ನಮ್ಮ ಅಸರ್. ಎರಡು ಪಟ್ಟು ನೆರಳು.”

ಮಾವನ ಮುಖಕ್ಕೆ ಕೆಂಪು ದೀಪ ಬಿತ್ತು. “ಮಾತು ಕೊಟ್ಟಿದ್ದು ಯಾರ ಮನೇಲಿ? ನಮ್ಮ ಮನೇಲಿ! ಅಲ್ಲಿ ಒಂದು ಪಟ್ಟು!”

“ಹೊಲಿಯೋದು ಯಾರ ಅಂಗಡೀಲಿ ಮಾವ?”

ಕಿರಾಣಿಯವನು ಅಂಗಡಿ ಬಿಟ್ಟು ಬಂದ. ಕ್ಷೌರದವನು ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದ. ಮಾತು ಕೊಟ್ಟ ಜಾಗ ಮುಖ್ಯವೋ ಕೆಲಸದ ಜಾಗ ಮುಖ್ಯವೋ ಎಂದು ಬೀದಿ ಎರಡಾಯಿತು. ಗದ್ದಲ ಕೇಳಿ ಬಂದ ಇಮಾಮರು, “ಅಳಿಯ ಹೇಳಿದ್ದು ತನ್ನ ಅಸರೇ ಇರಬಹುದು, ಒಪ್ಪಿಕೊಳ್ಳಿ ಗಾರ್ಡ್ ಸಾಹೇಬರೇ” ಎಂದರು.

“ಒಪ್ಪಿದೆ” ಎಂದರು ಮಾವ. “ಆದರೆ ಆ ಎರಡು ಪಟ್ಟು ನನ್ನ ಕಣ್ಣೆದುರಿಗೇ ಆಗಬೇಕು. ಇವನ ಬಾಯಿ ಲೆಕ್ಕ ನನಗೆ ಬೇಡ. ಅಳೀರಿ!”

ದರ್ಜಿ ಉತ್ಸಾಹದಿಂದ ತನ್ನ ಟೇಪು ತಂದುಕೊಟ್ಟ. ಇವರು ಅಳೆಯುತ್ತಿರಲಿ, ತಾನು ತೋಳು ಹಚ್ಚಿಬಿಡುವುದು ಎಂಬ ಲೆಕ್ಕ. ಆದರೆ ಯಾವುದರ ನೆರಳು? ಲೈಟಿನ ಕಂಬ ಕುಡುಕನಂತೆ ವಾಲಿತ್ತು. ಮಿನಾರಿನ ನೆರಳು ಯಾರದೋ ಮಾಳಿಗೆ ಹತ್ತಿತ್ತು. ಕಿರಾಣಿಯವನು ತಂದ ಕೋಲು ಸೊಟ್ಟ.

“ಇವನೇ ನಿಲ್ಲಲಿ” ಎಂದರು ಮಾವ. “ಮಾತು ಇವನದು, ನೆರಳೂ ಇವನದೇ ಆಗಲಿ.”

“ಮಾವ, ಹೊಲಿಗೆ...”

“ಅಲ್ಲಾಡಬೇಡ!”

ಹೀಗೆ ದರ್ಜಿ ನಡುಬೀದಿಯ ಬಿಸಿಲಿನಲ್ಲಿ ಕಂಬವಾದ. ವರ್ಷಾನುಗಟ್ಟಲೆ ಮಿಷನ್ ಮುಂದೆ ಬಗ್ಗಿದ ಬೆನ್ನು ನೆಟ್ಟಗಾಗಲಾರದೆ ಒದ್ದಾಡಿತು. ಕಿರಾಣಿಯವನು ಹಿಂದಿನಿಂದ ಭುಜ ಹಿಡಿದು ಎಳೆದ. ಕ್ಷೌರದವನು ಅನುಮಾನ ಎತ್ತಿದ: “ತಲೆಗೂದಲು ಲೆಕ್ಕಕ್ಕೆ ಸೇರುತ್ತಾ? ಇವನ ಕೂದಲು ಬುಟ್ಟಿ ಇದ್ದ ಹಾಗಿದೆ.” ಉತ್ತರಕ್ಕೂ ಕಾಯದೆ ನೀರು ಚಿಮುಕಿಸಿ ತಲೆ ತಟ್ಟಿ ಚಪ್ಪಟೆ ಮಾಡಿದ.

“ಮಧ್ಯಾಹ್ನ ಉಳಿದ ನೆರಳು ಎಷ್ಟು?” ಎಂದು ಕೇಳಿದರು ಮಾವ.

“ನಾನು ನೋಡಿದ್ದೆ, ಪಾದದಷ್ಟು” ಎಂದರು ಇಮಾಮರು. “ಎರಡು ಪಟ್ಟಿಗೆ ಅದನ್ನೂ ಸೇರಿಸಿ.”

“ನನ್ನ ಪಾದ ತಗೊಳ್ಳಿ, ದೊಡ್ಡದಿದೆ!” ಎಂದು ಕಂಬ ಕೂಗಿತು.

ಸೀಮೆಸುಣ್ಣದಿಂದ ರಸ್ತೆಯ ಮೇಲೆ ಗೆರೆ ಎಳೆದರು. ಟೇಪು ಗಿಡ್ಡ, ಎರಡನೆಯ ಸಲ ಹಿಡಿಯುವಾಗ ಮೊದಲಿನ ಗುರುತು ಮರೆತುಹೋಯಿತು. ಮತ್ತೆ ಅಳೆದರು. ಕೈಗಾಡಿಯೊಂದು ಗೆರೆಯ ಮೇಲೆ ಹಾದು ಅದನ್ನು ಒರೆಸಿಹಾಕಿತು. ಮತ್ತೆ ಎಳೆದರು. ಅಷ್ಟರಲ್ಲಿ ಮೋಡ ಬಂದು ದರ್ಜಿಯ ನೆರಳನ್ನೇ ಎತ್ತಿಕೊಂಡು ಹೋಯಿತು.

“ಮೋಡ ಇರೋವಷ್ಟು ಹೊತ್ತು ಲೆಕ್ಕಕ್ಕಿಲ್ಲ ಅಲ್ವಾ ಇಮಾಮರೇ?” ಎಂದ ದರ್ಜಿ ಆಸೆಯಿಂದ.

“ನೆರಳು ನಿಲ್ಲುತ್ತಪ್ಪ, ಹೊತ್ತು ನಿಲ್ಲಲ್ಲ.”

“ಹಾಗಾದ್ರೆ ಮೋಡ ಹೋಗೋವರೆಗೆ ಕಾಲರ್ ಆದ್ರೂ...”

“ಅಲ್ಲಾಡಬೇಡ!” ಎಂದಿತು ಇಡೀ ಬೀದಿ.

ಅವನು ಓಡಿಹೋಗಲಾರ ಎಂಬ ಸುದ್ದಿ ಹಬ್ಬಿತು. ಎಷ್ಟೋ ದಿನದಿಂದ ಅವನನ್ನು ಹುಡುಕುತ್ತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಕಿವಿಯ ಹತ್ತಿರ ನಿಂತರು. “ನನ್ನ ಪ್ಯಾಂಟು ನಾಡಿದ್ದು ಕೊಡ್ತೀರಲ್ವಾ?” ತಲೆ ಅಲ್ಲಾಡಿಸಿದರೆ ನೆರಳು ಅಲ್ಲಾಡುತ್ತದೆ, ದರ್ಜಿ “ಹೂಂ” ಎಂದ. ಎಲ್ಲರಿಗೂ ‘ಹೂಂ’ ಎಂದ.

ಮೋಡ ಸರಿಯಿತು. ನೆರಳು ಉದ್ದವಾಗಿ ಚಾಚಿ, ಗೆರೆ ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಮಸೀದಿಯಿಂದ ಅಜಾನ್ ಕೇಳಿಸಿತು. ದರ್ಜಿ ಗೆದ್ದಿದ್ದ. ಗೆದ್ದವನು ಮೊದಲು ಮಾಡಿದ್ದು ಬೆನ್ನು ಬಗ್ಗಿಸಿದ್ದು.

ನಮಾಜು ಮುಗಿಸಿ ಎಲ್ಲರೂ ಮತ್ತೆ ಅಂಗಡಿಯ ಮುಂದೆ ಸೇರಿದರು. ಕೋಟಿಗೆ ಒಂದೇ ತೋಳು.

ದರ್ಜಿಯ ಕಣ್ಣಲ್ಲಿ ನೀರು ಬಂತು. “ತಪ್ಪಾಯ್ತು ಮಾವ. ಮದುವೆ ಹೊತ್ತಾಯ್ತು. ನೀವೀಗ ಹಳೇ ಕೋಟಲ್ಲೇ ಹೋಗಬೇಕು. ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು.”

ಮಾವ ಆಕಾಶ ನೋಡಿದರು, ಆಮೇಲೆ ಚಪ್ಪಲಿ ನೋಡಿದರು. ಬಾಗಿಲಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು.

“ಮದುವೆ ಇವತ್ತಲ್ಲ ರೀ! ಮುಂದಿನ ಶನಿವಾರಕ್ಕೆ ಹೋಯ್ತು. ಅಬ್ಬಾ ಬೆಳಿಗ್ಗೇನೇ ಫೋನ್ ಮಾಡಿ ಅವಸರ ಇಲ್ಲ ಅಂದ್ರು. ನಿಮಗೆ ಹೇಳಿದ್ರೆ ವಾರ ಪೂರ್ತಿ ಮಿಷನ್ ಮುಟ್ಟಲ್ಲ ಅಂತ, ‘ಹೇಳಬೇಡಿ ಅಬ್ಬಾ, ಸುಮ್ನೆ ಬಂದು ಗದರಿಸಿ, ಕೂತ್ಕೊಂಡು ಮುಗಿಸ್ತಾರೆ’ ಅಂತ ನಾನೇ ಕರೆಸಿದೆ.” ಅವಳು ಅಪ್ಪನ ಕಡೆ ತಿರುಗಿದಳು. “ಕೂರ್ಸಿ ಅಂದ್ರೆ ನಿಲ್ಲಿಸಿದ್ರಲ್ಲ ಅಬ್ಬಾ!”

“ಮಾತಿನ ಪ್ರಶ್ನೆ ಬಂತಲ್ಲ ಮಗಳೇ” ಎಂದರು ಗಾರ್ಡ್ ಸಾಹೇಬರು, ಮೆಲ್ಲಗೆ.

ದರ್ಜಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಒಂದು ವಾರ! ಬಾಗಿಲ ಮೆಟ್ಟಿಲಲ್ಲಿ ಕುಸಿದು ಕೂತು ಕಾಲು ಚಾಚಿದ.

“ಸರಿ, ಮುಂದಿನ ಶನಿವಾರ ಯಾವ ಹೊತ್ತಿಗೆ?” ಎಂದರು ಮಾವ.

ಅಸರ್ ಎನ್ನಲು ಬಾಯಿ ತೆರೆದವನು ತಕ್ಷಣ ಮುಚ್ಚಿಕೊಂಡ. ಜಾಣತನದಿಂದ ಸುತ್ತ ನೋಡಿ, “ಮಗ್ರಿಬ್ ಒಳಗೆ” ಎಂದ. “ಸೂರ್ಯ ಮುಳುಗಿದ್ರೆ ಮಗ್ರಿಬ್. ಅದು ಎಲ್ಲರಿಗೂ ಒಂದೇ. ನೆರಳೂ ಬೇಡ, ಪಾದಾನೂ ಬೇಡ.”

“ಅದೇನೋ ಹೌದು” ಎಂದ ಕಿರಾಣಿಯವನು ಗಲ್ಲ ಕೆರೆಯುತ್ತ. “ಆದ್ರೆ ಇಷ್ಟೆತ್ತರದ ಮನೆಗಳ ನಡುವೆ ಸೂರ್ಯ ಮುಳುಗೋದು ನಮಗೆ ಕಾಣೋದೆಲ್ಲಿ?”

“ನೀರಿನ ಟ್ಯಾಂಕ್ ಮೇಲಿಂದ ಚೆನ್ನಾಗಿ ಕಾಣುತ್ತೆ” ಎಂದ ಕ್ಷೌರದವನು.

ಎಲ್ಲರ ಕಣ್ಣುಗಳೂ ಬೀದಿಯ ಕೊನೆಯ ಟ್ಯಾಂಕಿನತ್ತ ಎದ್ದವು. ಆಮೇಲೆ ಒಟ್ಟಿಗೆ ಇಳಿದು ದರ್ಜಿಯ ಮೇಲೆ ನಿಂತವು.

“ಇವತ್ತೇ ಒಂದ್ಸಲ ಹತ್ತಿಸಿ ನೋಡಿಬಿಡೋಣ” ಎಂದು ಕಿರಾಣಿಯವನು ಏಣಿ ತರಲು ಹೊರಟ.